ಸೆರಗಿನ ಮೇಲೆ ವಿಷದ ಬಟ್ಟಲು

ಬನಹಟ್ಟಿಯ ಪ್ರಭುಲಿಂಗ ಅವರ ಶೆಡ್ಡಿನಲ್ಲಿ ಬಿಡುವಿಲ್ಲದೆ ದುಡಿಯುವ ಶ್ರೀಯುತ ಜಕಾರ್ಡ್ ಮಗ್ಗ ಮಹಾಶಯರ ಸನ್ನಿಧಿಗೆ,

ಮಾನ್ಯರೇ, ತಮ್ಮ ಖಟಖಟ ಸದ್ದಿನಿಂದಲೇ ಬೆಳಗಾಗುವ ಓಣಿಯ ನಿವಾಸಿ ಮಲಕಾಜಪ್ಪನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಎಳೆ ಹರಿಯದಿರಲಿ, ಕರೆಂಟು ಕೈಕೊಡದಿರಲಿ.

ಹಳೆಯ ರಂಗನಾಟಕಗಳ ದೃಶ್ಯಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ಚಿತ್ರಗಳನ್ನು ನಾನು ಮೂವತ್ತು ವರ್ಷಗಳಿಂದ ಕೊಲ್ಲಾಪುರ, ಪುಣೆಯ ರದ್ದಿ ಅಂಗಡಿಗಳ ಧೂಳು ಕುಡಿದು ಕೂಡಿಹಾಕಿದ್ದೇನೆ. ಅವನ್ನು ನೋಡಲೆಂದು ಒಂದು ನರಪಿಳ್ಳೆಯೂ ನಮ್ಮ ಮನೆಗೆ ಬಂದದ್ದಿಲ್ಲ. ಹೀಗಿರಲು ಪ್ರಭುಲಿಂಗ ಅವರು ಒಮ್ಮೆ ಪಡಸಾಲೆಯ ಚಿತ್ರವೊಂದನ್ನು ದಿಟ್ಟಿಸಿ, "ಭಾರಿ ಛಲೋ ಐತ್ರಿ ಕಾಕಾ, ಒಂದು ಫೋಟೊ ಹೊಡಕೊಳ್ಳಲೇನ್ರಿ?" ಎಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆನೇ ಹೊರತು ಯಾಕೆಂದು ಕೇಳಲಿಲ್ಲ. ಅದು ಪರದೇಶದ ದುರಂತ ನಾಟಕವೊಂದರ ಕೊನೆಯ ದೃಶ್ಯ: ರಾಣಿ ನಗುನಗುತ್ತ ಗಂಡನಿಗೆ ವಿಷದ ಬಟ್ಟಲು ಕೊಡುತ್ತಿದ್ದಾಳೆ.

ತಾವಾದರೋ, ಆ ಫೋಟೊ ನೋಡಿ ಪ್ರಭುಲಿಂಗ ಅವರು ತೂತು ಹೊಡೆದು ತಯಾರಿಸಿದ ನಕ್ಷೆಯ ಕಾರ್ಡುಗಳ ಮಾತು ಕೇಳಿ, ರಾಣಿಯ ತಲೆಗೆ ಸೆರಗು ಹೊದಿಸಿ, ರಾಜನ ತಲೆಗೆ ಪಟಕಾ ಸುತ್ತಿ, ಒಂದೇ ಸೀರೆಯ ಸೆರಗಿನಲ್ಲಿ ಹದಿನೆಂಟು ರಾಣಿಯರಿಂದ ಹದಿನೆಂಟು ರಾಜರಿಗೆ ಏಕಕಾಲಕ್ಕೆ ವಿಷ ಕುಡಿಸಿದ್ದೀರಿ. ಯಾವ ನಾಟಕ ಕಂಪನಿಗೆ ಇಂಥ ತಾಕತ್ತಿತ್ತು! ಜನ ಅದನ್ನು ಮದುಮಗಳು ಗಂಡನಿಗೆ ಹಾಲು ಕೊಡುವ ಚಿತ್ರವೆಂದು ತಿಳಿದು, ಜಮಖಂಡಿಯಿಂದ ಬೀಳಗಿಯವರೆಗೆ ಮದುವೆಗೆ ಅದೇ ಸೀರೆ ಬೇಕೆನ್ನುತ್ತಿದ್ದಾರೆ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಮೊನ್ನೆ ಮುಧೋಳದ ಬೀಗರು ನನ್ನ ಮಗಳು ಪೂರ್ಣಿಮಾಳಿಗೆ ತಂದದ್ದೂ ಅದೇ ಸೀರೆ. ಮದುವೆ ಬರುವ ಶುಕ್ರವಾರ. ಹೇಳಿದರೆ ಶುಭಕಾರ್ಯದಲ್ಲಿ ಅಪಶಕುನ ನುಡಿದವನಾಗುತ್ತೇನೆ, ಸುಮ್ಮನಿದ್ದರೆ ತುಂಬಿದ ಮಂಟಪದಲ್ಲಿ ಮಗಳ ಹೆಗಲ ಮೇಲೆ ಹದಿನೆಂಟು ಕೊಲೆ. ನನಗೆ ನಿಜಕ್ಕೂ ಹೆದರಿಕೆಯಾಗಿದೆ. ಆದ್ದರಿಂದ ತಾವು ದಯಮಾಡಿ ಹಿಂದುಮುಂದಾಗಿ ಓಡಿ, ನೇಯ್ದ ಸೀರೆಗಳನ್ನೆಲ್ಲ ಮರಳಿ ನೂಲು ಮಾಡಬೇಕು. ಆಗದಿದ್ದರೆ ಬಟ್ಟಲಲ್ಲಿರುವುದು ಎಮ್ಮೆಯ ಹಾಲೇ ಎಂದು ಒಂದು ಸರ್ಟಿಫಿಕೇಟನ್ನಾದರೂ ನೇಯ್ದು ಕೊಡಬೇಕು.

ತಾಳಲಾರದೆ ನನ್ನ ಹೆಂಡತಿ ಯಲ್ಲವ್ವನ ಮುಂದೆ ಬಾಯಿಬಿಟ್ಟೆ. ಅವಳು ಸೀರೆ ಮಡಚುತ್ತಲೇ, "ಇಷ್ಟ ವರ್ಷ ಆ ಚಿತ್ರದ ಕೆಳಗ ಕುಂತು ನನ್ನ ಕೈಯಾಗಿನ ಹಾಲು ಕುಡದೀರಿ, ಏನಾತ್ರಿ ನಿಮಗ?" ಎಂದಳು. ತಮ್ಮಂತೆಯೇ ಅವಳಿಗೂ ದೂರು ಸಲ್ಲಿಸಿ ಉಪಯೋಗವಿಲ್ಲ.

ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಲಕಾಜಪ್ಪ

ತಾ.ಕ.: ಕೊನೆಗೆ ಮಗಳ ಕಿವಿಯಲ್ಲೂ ಹೇಳಿದೆ. "ಗೊತ್ತೈತ್ರಿ ಅಪ್ಪಾ, ಸಣ್ಣಾಕಿದ್ದಾಗ ಈ ಕತಿ ನೀವ ಹೇಳಿದ್ರಿ. ಅದ ಸೀರಿ ಬೇಕಂತ ಬೀಗರಿಗೆ ನಾನ ಹೇಳೀನಿ" ಎಂದು ನಕ್ಕಳು. ಅಳಿಯಂದಿರಿಗೆ ಮಾತ್ರ ಯಾರೂ ತಿಳಿಸಿಲ್ಲ. ಆ ಜವಾಬ್ದಾರಿಯನ್ನು ತಾವೇ ವಹಿಸಿಕೊಳ್ಳಬೇಕಾಗಿ ವಿನಂತಿ.