ಪುಕ್ಕಟೆ ಫ್ಲಾಪಿಗೆ ಹತ್ತು ಅಭಿಪ್ರಾಯ

ಹೊಳಬಸಪ್ಪನಿಗೆ ಆ ದಿವಸ ಬಂದೊದಗಿದ ತಾಪತ್ರಯಕ್ಕೆಲ್ಲ ಮೂಲ ಅಂಗೈಯಗಲದ ಒಂದು ಚೀಟಿ. ಹುಬ್ಬಳ್ಳಿಯ ಹೆಡ್ ಆಫೀಸಿನಿಂದ ಬಂದ ಫ್ಲಾಪಿಗೆ ಅದು ಅಂಟಿಕೊಂಡಿತ್ತು. ಈ ಪ್ರೋಗ್ರಾಮು ಪುಕ್ಕಟೆ. ಬಳಸಿದವರಲ್ಲಿ ಹತ್ತು ಮಂದಿ ತಮ್ಮ ಅಭಿಪ್ರಾಯ ತಿಳಿಸಿದರೆ ಅಷ್ಟೇ ಸಾಕು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಅದು ೧೯೮೯ನೆಯ ಇಸವಿ. ಸಂಶಿಯ ಆಚೆಗಿನ ಆ ಊರಿನ ಹತ್ತಿ ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಅದರ ಖೋಲಿಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ದಿನಾ ಮುಂಜಾನೆ ಅದರ ಹಣೆಗೆ ಮೂರು ಬೆರಳಿನ ವಿಭೂತಿ. ಮುಟ್ಟುವ ಅಧಿಕಾರ ಮಾತ್ರ ಹೊಳಬಸಪ್ಪನೊಬ್ಬನದು. ಶಿವ ಅವನಿಗೆ ಅಂಥ ಪದವಿ ಕೊಟ್ಟಿದ್ದರೂ ಕಾಯಂ ನೌಕರಿ ಕೊಟ್ಟಿರಲಿಲ್ಲ. ನಾಲ್ಕು ವರ್ಷದಿಂದ ಹಂಗಾಮಿ ಗುಮಾಸ್ತ.

ಹದಿನಾಲ್ಕು ಹಳ್ಳಿಗಳ ಮೂರು ಸಾವಿರ ಸದಸ್ಯರ ಹೆಸರುಗಳ ಯಾದಿಯನ್ನು ಹುಬ್ಬಳ್ಳಿಯ ಹೆಡ್ ಆಫೀಸಿಗೆ ಕಳಿಸಬೇಕಾಗಿತ್ತು. ಹಪ್ಪಳದಂಥ ಒಂದು ಫ್ಲಾಪಿಯಲ್ಲಿ ಅದು ಹಿಡಿಸುತ್ತಿರಲಿಲ್ಲ. ಈ ಹೊಸ ಪ್ರೋಗ್ರಾಮು ಇಡೀ ಯಾದಿಯನ್ನು ಮಡಚಿ, ಅಡಕ ಮಾಡಿ, ಅದೇ ಫ್ಲಾಪಿಯೊಳಗೆ ಕೂಡಿಸಿಬಿಟ್ಟಿತು. ಹೊಳಬಸಪ್ಪ ಹಿಗ್ಗಿನಿಂದ ಚೀಟಿಯ ಸಮೇತ ಅದನ್ನು ಸೆಕ್ರೆಟರಿ ಶಂಕ್ರಪ್ಪನವರ ಮುಂದೆ ಹಿಡಿದ. ಶಂಕ್ರಪ್ಪನವರು ಲಿಂಗಪೂಜೆ ಆಗದೆ ನೀರು ಮುಟ್ಟದವರು, ಕೊನೆಯ ಅಕ್ಷರದವರೆಗೆ ಓದದೆ ಕಾಗದ ಕೆಳಗಿಡದವರು.

"ಹತ್ತು ಮಂದಿ ಅಂದೈತಲ್ಲೋ. ಎಲ್ಲೆದಾರ?"

"ಬಳಸಾಂವ ನಾ ಒಬ್ಬನ ಇದ್ದೀನ್ರಿ."

"ಹಂಗಾದ್ರ ಪುಕ್ಕಟ ತಿಂದು ಬಾಯಿ ಒರಸಿಕೊಂಡಂಗಾತು. ದೇವರು ಮೆಚ್ಚತಾನೇನು? ಆ ಯಾದ್ಯಾಗ ಯಾರ ಹೆಸರು ಅದಾವ, ಅವರೆಲ್ಲಾ ಬಳಸಿದವರ. ಹೋಗಿ ಹತ್ತು ಮಂದೀನ ಕೇಳಿಕೊಂಡು ಬಾ. ನಿನ್ನ ಕಾಯಂ ಮಾಡ್ರಿ ಅಂತ ಶಿಫಾರಸು ಬರದಿಟ್ಟೀನಿ. ಐದರ ಬಸ್ಸಿಗೆ ಎಲ್ಲಾ ಒಂದ ಲಕೋಟ್ಯಾಗ ಹೋಗಲಿ. ಅಭಿಪ್ರಾಯ ಇಲ್ಲಂದ್ರ ಶಿಫಾರಸೂ ಇಲ್ಲ."

ಹೊಳಬಸಪ್ಪ ಮೊದಲು ಹೋದದ್ದು ಮಹಾದೇವಕ್ಕನ ಮನೆಗೆ. ಮೂವತ್ತು ಕೂರಿಗೆ ಎರಿಹೊಲದ ಒಡತಿ ಆಕೆ. ಕಟ್ಟೆಯ ಮೇಲೆ ಕೂತು ಗಾದಿಗೆ ಅರಳೆ ತುಂಬಿಸುತ್ತಿದ್ದಳು. ಅರಳೆ ಕಂಡದ್ದೇ ಅವನಿಗೆ ವಿವರಿಸುವ ದಾರಿ ಹೊಳೆಯಿತು.

"ನೋಡ್ರಿ ಅಕ್ಕಾರ, ಈ ಅರಳಿ ಬಿಡಿ ಇದ್ರ ಖೋಲಿ ತುಂಬತೈತಿ. ಹಿಂಡಿ ಅಂಡಿಗಿ ಕಟ್ಟಿದ್ರ ಮೂಲ್ಯಾಗ ಕೂಡತೈತಿ. ನಿಮ್ಮ ಹೆಸರಿಗೂ ನಾವು ಹಂಗ ಮಾಡೇವಿ."

ಮಹಾದೇವಕ್ಕನ ಕೈ ನಿಂತಿತು. "ನನ್ನ ಹೆಸರ ಹಿಂಡಿದಿ?"

"ಹಿಂಡೂದಂದ್ರ..."

"ಮಠದ ಅಜ್ಜಾರು ಇಟ್ಟ ಹೆಸರೋ ಅದು! ಐದ ಅಕ್ಷರ. ಎಷ್ಟ ಉಳಿಸೀದಿ?"

"ಐದೂ ಅದಾವ್ರಿ."

"ಐದೂ ಇದ್ರ ಸಣ್ಣದ್ಹೆಂಗಾತು? ನನ್ನ ಮುಂದ ಸುಳ್ಳ ಹೇಳತಿ? ಹುಟ್ಟಿದಾಗಿಂದ ಅರಳಿ ನೋಡೀನಿ ನಾ. ಒಮ್ಮೆ ಹಿಂಡಿದ್ದು ಮೊದಲಿನಂಗ ಆಗೂದಿಲ್ಲ!"

ಅವನು ಅಲ್ಲಿಂದ ಕಾಲ್ಕಿತ್ತು ಬಸವಣ್ಣೆಪ್ಪನ ಅಂಗಳಕ್ಕೆ ಬಂದ. ಬಸವಣ್ಣೆಪ್ಪ ಎತ್ತಿನ ಮೈ ತಿಕ್ಕುತ್ತಿದ್ದ. ಈ ಸಲ ಹೊಳಬಸಪ್ಪ ಅರಳೆಯ ಸುದ್ದಿಯನ್ನೇ ಎತ್ತಲಿಲ್ಲ. "ಎಲ್ಲಾರ ಹೆಸರೂ ಒಂದ ಗಂಟಿನ್ಯಾಗ ಕಟ್ಟಿಟ್ಟಂಗ ಕಾಕಾ, ಅಷ್ಟ" ಎಂದ.

"ಎಲ್ಲಾರದೂ? ಆ ಗೂಳಪ್ಪಂದೂ?"

"ಹೌದ್ರಿ, ಅವರೂ ಅದಾರ."

ಬಸವಣ್ಣೆಪ್ಪನ ಮೀಸೆ ಬೇಲಿಯ ಮುಳ್ಳಿನಂತೆ ನೆಟ್ಟಗಾಯಿತು. ಹೊಲದ ಬದುವಿನ ಜಗಳದಿಂದ ಅವನೂ ಗೂಳಪ್ಪನೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು.

"ಯಾವ ಮದಿವ್ಯಾಗೂ ಅವನ ಪಂಕ್ತ್ಯಾಗ ಎಲಿ ಹಾಕಿಸಿಕೊಂಡಾಂವ ಅಲ್ಲ ನಾ. ಅವ ಕುಂತ ಚಕ್ಕಡಿ ಹತ್ತಿಲ್ಲ. ಅಂಥಾದ್ರಾಗ ನೀ ನಮ್ಮಿಬ್ಬರನ್ನೂ ಒಂದ ಗಂಟಿನ್ಯಾಗ ತುರುಕಿ ಇಟ್ಟೀದಿ? ಬಿಚ್ಚಲೇ ಅದನ್ನ!"

ಗೂಳಪ್ಪನ ಮನೆಗೆ ಹೋಗುವ ಶ್ರಮ ಹೊಳಬಸಪ್ಪನಿಗೆ ಬೀಳಲಿಲ್ಲ. ಸುದ್ದಿ ಕೇಳಿ ಗೂಳಪ್ಪನೇ ಧೋತರದ ಚುಂಗು ಹಿಡಿದುಕೊಂಡು ಎದುರಿಗೆ ಬಂದ. "ಅವನ ಬಾಜೂಕ ಹೆಣಾ ಆಗಿಯೂ ಮಲಗೂದಿಲ್ಲ ನಾ! ಯಾರನ್ನ ಕೇಳಿ ಕಟ್ಟಿದಿ?"

ಮಧ್ಯಾಹ್ನದ ಹೊತ್ತಿಗೆ ನಲವತ್ತು ಮಂದಿ ಸಂಘದ ಬಾಗಿಲಿನಲ್ಲಿದ್ದರು. ಸಿಟ್ಟು ಎಷ್ಟೇ ಇದ್ದರೂ ಚಪ್ಪಲಿಯನ್ನು ಮಾತ್ರ ಎಲ್ಲರೂ ಹೊರಗೇ ಬಿಟ್ಟರು. "ನಮ್ಮ ಹೆಸರ ನಮಗ ಕೊಡ್ರಿ" ಎಂದು ಕೂಗು ಎದ್ದಿತು. ಶಂಕ್ರಪ್ಪನವರು ಕೈಮುಗಿದು, "ಹೊಳಬಸಪ್ಪ, ಎಲ್ಲಾರ ಮುಂದ ಬಿಚ್ಚಿ ತೋರಸಪಾ" ಎಂದರು.

ಹೊಳಬಸಪ್ಪ ಶಿವನನ್ನು ನೆನೆದು ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಚುಕ್ಕೆಗಳು ಇರುವೆಯ ಸಾಲಿನಂತೆ ಹರಿಯತೊಡಗಿದವು. ಸಾಲು ಅರ್ಧ ದಾರಿ ದಾಟಿರಬೇಕು, ಕರೆಂಟು ಹೋಯಿತು.

"ಒಳಗ ಉಳದ್ವು!" ಎಂದು ಮಹಾದೇವಕ್ಕ ಚೀರಿದಳು. "ಅಯ್ಯಯ್ಯ, ನಮ್ಮ ಹೆಸರ ಒಳಗ ಉಳದ್ವು!"

ಗೂಳಪ್ಪ ಪಕ್ಕದ ಕಂಬದ ಕಡೆ ಹೊರಳಿ, "ಏ ಕಂಬಾ, ಬಸವಣ್ಣೆಪ್ಪಗ ಹೇಳು. ಅವನ ಸಲುವಾಗಿ ನನ್ನ ಹೆಸರೂ ಸಿಕ್ಕೊಂತು" ಎಂದ.

ಬಸವಣ್ಣೆಪ್ಪನೂ ಅದೇ ಕಂಬಕ್ಕೆ ಹೇಳಿದ: "ಸಿಕ್ಕಿದ್ದು ನಂದ. ಅವಂದೇನೈತಿ ಒಳಗ, ಮೂರ ಅಕ್ಷರ!"

ಕರೆಂಟು ಬಂದದ್ದು ನಾಲ್ಕಕ್ಕೆ ಕಾಲು ಗಂಟೆ ಇರುವಾಗ. ಅಷ್ಟರವರೆಗೆ ಹೊಳಬಸಪ್ಪ ತಿಂದ ಬೈಗುಳದಲ್ಲಿ ಅವನ ಸತ್ತ ಅಜ್ಜನ ಪಾಲೂ ಇತ್ತು. ಮತ್ತೆ ಗುಂಡಿ ಒತ್ತಿದ, ಕೈಕಟ್ಟಿ ಕೂತ. ಶಿವನ ದಯೆ, ಯಾದಿ ತೆರೆದುಕೊಂಡಿತು. ನೆರೆದವರ ಹೆಸರುಗಳನ್ನೆಲ್ಲ ಹುಡುಕಿ ಹುಡುಕಿ ಓದಿದ. ಒಂದು ಅಕ್ಷರದ ಕಾಲೂ ಮುರಿದಿರಲಿಲ್ಲ, ಒಂದು ಒತ್ತೂ ಹಾರಿರಲಿಲ್ಲ. ಮಹಾದೇವಕ್ಕ ಮೂರು ಸಲ ಓದಿಸಿ ಬೆರಳು ಮಡಚಿ ಎಣಿಸಿದಳು. ಐದಕ್ಕೆ ಐದು. ಶಂಕ್ರಪ್ಪನವರು ನೆಮ್ಮದಿಯಿಂದ ಲಕೋಟೆ ತಯಾರು ಮಾಡಲು ತಮ್ಮ ಖೋಲಿಗೆ ಹೋದರು.

ಈಗಲಾದರೂ ಮಂದಿ ತಣ್ಣಗಾಗುತ್ತಾರೆ ಎಂದು ಹೊಳಬಸಪ್ಪ ತಿಳಿದದ್ದು ತಪ್ಪಾಯಿತು.

"ಏನೂ ಆಗಿಲ್ಲಂದ್ರ ಮತ್ಯಾಕ ನಮ್ಮನ್ನ ಇಷ್ಟೊತ್ತು ಕುಂಡ್ರಿಸಿದಿ? ಹೊಲಾ ಮನಿ ಇಲ್ಲೇನು ನಮಗ?" ಎಂದು ನೆರೆದವರು ಹರಿಹಾಯ್ದರು.

"ಬೈರಿ, ಆದ್ರ ಬೈಯೂದನ್ನ ಬರಸರಿ" ಎಂದು ಹೊಳಬಸಪ್ಪ ಅಂಗಲಾಚಿದ. "ಹತ್ತು ಮಂದಿ ಸಾಕು. ಬಸ್ಸಿನ ಹೊತ್ತಾತು."

"ಬರಿ ಹಂಗಾರ" ಎಂದು ಮಹಾದೇವಕ್ಕ ಸೆರಗು ಸಿಕ್ಕಿಸಿದಳು. "ಇವ ಏನ ಮಾಡಿದಾ? ಒಂದ ಗುಂಡಿ ಒತ್ತಿದಾ, ಕೈ ಕಟಗೊಂಡ ಕುಂತಾ. ಅದಕ್ಕೊಂದು ನೌಕರಿ!"

ಇದನ್ನು ಇದ್ದಂತೆ ಬರೆದರೆ ಶಿಫಾರಸು ಮುಳುಗೀತು ಎಂದು ಹೊಳಬಸಪ್ಪ ತಿದ್ದಿ ಬರೆದ: "ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ಕೆಲಸವನ್ನೂ ತಾನೇ ಮಾಡುತ್ತದೆ."

"ಇದಕ್ಕ ಸಾಲಿ ಕಲತಾಂವ ಬೇಕೇನು? ನನ್ನ ಎತ್ತು ಕಾಲಿಟ್ಟಿದ್ರೂ ಬಿಚ್ಚತಿತ್ತು" ಎಂದ ಬಸವಣ್ಣೆಪ್ಪ.

ಹೊಳಬಸಪ್ಪ ಬರೆದ: "ಅಕ್ಷರ ಬಾರದ ರೈತನೂ ನಡೆಸಬಹುದಾದಷ್ಟು ಸರಳ."

ಗೂಳಪ್ಪ ಕಂಬವನ್ನು ಬಿಟ್ಟು ನೇರ ಬಸವಣ್ಣೆಪ್ಪನ ಮುಖ ನೋಡಿ, "ಬಸವಣ್ಣೆಪ್ಪ ಹೇಳಿದ್ದು ಖರೇ ಐತಿ" ಎಂದ. ಹನ್ನೊಂದು ವರ್ಷದ ಮೇಲೆ ಆ ಮಾತು ಕೇಳಿ ಖೋಲಿಯೇ ಬೆರಗಾಯಿತು. ಉಳಿದವರಲ್ಲಿ ಏಳು ಮಂದಿ "ನಮ್ಮದೂ ಅದ" ಎಂದು ಮುಂದೆ ಬಂದರು. ಹೊಳಬಸಪ್ಪ ಒಂದಕ್ಕಿಂತ ಒಂದು ಚೆಂದದ ವಾಕ್ಯ ಕಟ್ಟಿ ಹೆಬ್ಬೆಟ್ಟು, ಸಹಿ ಹಾಕಿಸಿಕೊಂಡ.

ತಮ್ಮ ಖೋಲಿಯಲ್ಲಿ ಶಂಕ್ರಪ್ಪನವರು ಹತ್ತನ್ನೂ ಕೊನೆಯ ಅಕ್ಷರದವರೆಗೆ ಓದಿದರು. ಅವರ ಕಣ್ಣು ತುಂಬಿ ಬಂತು. ಹತ್ತು ಹಾಳೆಗಳನ್ನೂ ಫ್ಲಾಪಿಯನ್ನೂ ಲಕೋಟೆಯಲ್ಲಿಟ್ಟರು. ಶಿಫಾರಸಿನ ಪತ್ರವನ್ನು ಕೈಗೆತ್ತಿಕೊಂಡು, ಸ್ವಲ್ಪ ಯೋಚಿಸಿ, ಮೆಲ್ಲಗೆ ಎರಡು ತುಂಡು ಮಾಡಿದರು.

"ಯಾಕ್ರೀ!"

"ಅಕ್ಷರ ಬಾರದ ರೈತ ನಡಸತಾನ, ಎಲ್ಲಾ ತಾನ ಮಾಡತೈತಿ ಅಂತ ಹತ್ತು ಮಂದಿ ಹೇಳ್ಯಾರ. ಅದ ಲಕೋಟ್ಯಾಗ ಇದಕ್ಕೊಬ್ಬ ಕಾಯಂ ಮನಶ್ಯಾ ಬೇಕು ಅಂತ ನಾ ಹೆಂಗ ಬರೀಲಿ? ನಾಳಿಂದ ಪೂಜಾ ಮುಗಿಸಿ ಬಂದು ಗುಂಡಿ ನಾನ ಒತ್ತತೀನಿ."

"ಅವರು ಹಂಗ ಹೇಳಿಲ್ರಿ! ಬೈದಿದ್ರು! ಛಲೋ ಮಾಡಿ ಬರದಾಂವ ನಾನು!"

ಶಂಕ್ರಪ್ಪನವರು ಕನ್ನಡಕ ತೆಗೆದರು. "ಸಂಘದ ಹೆಸರಿನ್ಯಾಗ ಸುಳ್ಳ ಬರದೀ ಏನು? ಹಂಗಿದ್ರ ಈಗಿಂದೀಗ ಹೇಳು, ಹಂಗಾಮಿನೂ ಇರೂದಿಲ್ಲ."

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು.

"ಇಲ್ರಿ, ಎಲ್ಲಾ ಖರೇನ ಅದಾವ" ಎಂದು ಹೇಳಿ, ಹೊಳಬಸಪ್ಪ ಲಕೋಟೆ ಎತ್ತಿಕೊಂಡು ಬಸ್ಸಿನ ಕಡೆ ಓಡಿದ.