ಉಜ್ಜಿನಪ್ಪನ ಕರುಳಿನ ಕಾವಲುಗಾರರು

ಚೊಂಯ್. ಸಂಜೆ ನಾಲ್ಕೂವರೆಗೆ ಯಂಕಮ್ಮನ ಬಂಡಿಯ ಬಾಣಲೆಗೆ ಮೊದಲ ಮಿರ್ಚಿ ಬಜ್ಜಿ ಬೀಳುವ ಸದ್ದು ಅದು. ಸಿರುಗುಪ್ಪದ ಇಡೀ ಬಜಾರಿನಲ್ಲಿ ಉಜ್ಜಿನಪ್ಪನ ಕಿವಿಗೆ ಮಾತ್ರ ಅದು ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ತನ್ನ ಸೀರೆ ಅಂಗಡಿಯಲ್ಲಿ ಅರ್ಧ ಮಡಿಸಿದ ಸೀರೆಯನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದ.

ಹಾಗೆ ಏಳಬಾರದಿತ್ತು. ತಿಂಗಳ ಹಿಂದೆ ಹೊಟ್ಟೆ ಕೆಟ್ಟು ಬಳ್ಳಾರಿಗೆ ಹೋದಾಗ ಡಾಕ್ಟರು ಚಿತ್ರ ಬರೆದೇ ತೋರಿಸಿದ್ದರು. ಸಣ್ಣ ಕರುಳು, ದೊಡ್ಡ ಕರುಳು ಎರಡರ ಒಳಪದರದಲ್ಲೂ ಕಾವಲು ಕಾಯುವ ಜೀವಕೋಶಗಳಿರುತ್ತವೆ. ಊಟವನ್ನು ಒಳಗೆ ಬಿಟ್ಟು ರೋಗಾಣುವನ್ನು ಹಿಡಿಯುವುದು ಅವುಗಳ ಕೆಲಸ. ಉಜ್ಜಿನಪ್ಪನವು ಸದ್ಯ ಸಿಡುಕು ಹಿಡಿದು, ಕಳ್ಳರಿಲ್ಲದಿದ್ದರೂ ಬಡಿಗೆ ಬೀಸುತ್ತಿವೆ; ಅದಕ್ಕೇ ಕರುಳಿಗೆ ಬಾವು. ಅವು ತಣ್ಣಗಾಗುವ ತನಕ ಮಾತ್ರೆ, ಮೊಸರನ್ನ. ಖಾರದ ಹೆಸರೂ ಎತ್ತಬಾರದು.

ಹೆಂಡತಿ ಶಾಂಭವಿ ಆ ಮಾತನ್ನು ಶಾಸನವಾಗಿಸಿದಳು. ನಾಳೆ ಕುರುಗೋಡಿನಲ್ಲಿ ಅವಳ ಅಣ್ಣನ ಮನೆಯಲ್ಲಿ ಹೊಸ ಅಳಿಯನಿಗೆ ಊಟ. ಅಲ್ಲಿಗೂ ಮೊಸರನ್ನದ ಡಬ್ಬಿ ಹೊರಡಲಿತ್ತು. ಪಂಕ್ತಿಯ ನಡುವೆ, ಹೊಸ ಅಳಿಯನ ಎದುರು, ಶಾಲೆಯ ಹುಡುಗನಂತೆ ಡಬ್ಬಿ ಬಿಚ್ಚುವುದು. (ಮುಚ್ಚಳ ಬೇರೆ ಗುಲಾಬಿ ಬಣ್ಣದ್ದು.) ಮೀಸೆ ಹೊತ್ತ ಗಂಡಸು ಸಹಿಸುವ ಮಾತೇ?

ಸರಕು ತರಲು ಬಳ್ಳಾರಿಗೆ ಹೋಗಿದ್ದ ಉಜ್ಜಿನಪ್ಪ, ಸಂಜೆ ಮನೆಗೆ ಬಂದವನೇ ವಾದ ಮಂಡಿಸಿದ.

"ನೋಡು ಶಾಂಭವಿ, ಕಾವಲಿನವ್ರು ದಿನಾ ಕಂಡ ಮುಖಾನ ತಡ್ಯಂಗಿಲ್ಲ. ಪರಿಚಯ ಆಗ್ಬೇಕು ಅಷ್ಟ. ನಾನು ಮಾಡ್ಸೀನಿ."

"ಯಾರ್ನ ಪರಿಚಯ ಮಾಡ್ಸೀರಿ?"

"ಮಿರ್ಚೀನ. ಹದಿನೈದು ದಿನದಿಂದ ಯಂಕಮ್ಮನ ಬಂಡ್ಯಾಗ ದಿನಾ ಎರಡು ತಿಂದೀನಿ. ಬಾಯಿ ಉರಿತೈತಿ, ಕಣ್ಣಾಗ ನೀರು ಬರ್ತಾವು. ಹೊಟ್ಟಿ ಮಾತ್ರ ಗಪ್‌ಚುಪ್. ನನ್ನ ಕಾವಲಿನವ್ರು ತಯಾರಾಗ್ಯಾರ. ನಾಳಿ ಡಬ್ಬಿ ಬ್ಯಾಡ."

ಅವಳು ಸಿಡಿಯುತ್ತಾಳೆಂದು ಉಜ್ಜಿನಪ್ಪ ಕಾದ. ಶಾಂಭವಿ ಹೀರೆಕಾಯಿ ಹೆಚ್ಚುತ್ತಲೇ ಇದ್ದಳು. ಒಂದು ಉದ್ದನೆಯ ಹೋಳು ಎತ್ತಿ ಹಿಡಿದಳು.

"ನೀವು ತಿಂದಿದ್ದು ಇದ್ನರಿ."

"ಏನಂದಿ?"

"ಮೊದಲ್ನೇ ದಿನಾನ ಯಂಕಮ್ಮ ಫೋನ್ ಮಾಡಿದ್ಲು. 'ಅಕ್ಕಾರ, ಅಣ್ಣಾರು ಬಂದಾರ, ಕೊಡ್ಲೋ ಬ್ಯಾಡೋ' ಅಂದ್ಲು. ಹೀರಿಕಾಯಿ ಸೀಳಿ, ತುದೀಗೆ ಮೆಣಸಿನಕಾಯಿ ತೊಟ್ಟು ಚುಚ್ಚಿ ಕೊಡವ್ವ ಅಂದೆ. ನಿಮ್ಮ ನಾಲಗಿ ಸಪ್ಪಗಾದ್ರ ಮುಖಾನೂ ಸಪ್ಪಗಾಗ್ತೈತಿ. ನನಗ ನೋಡಾಕ ಆಗ್ಲಿಲ್ಲ."

"ಮತ್ತ ಬಾಯಿ ಉರೀತಿತ್ತಲ್ಲ?"

"ಬಾಣಲ್ಯಾಗಿಂದ ತಗದಿದ್ದು ಆರೋದ್ರೊಳಗ ಬಾಯಿಗೆ ಹಾಕ್ಕೊಂಡ್ರ ಇನ್ನೇನಾಗ್ತೈತಿ?"

ಉಜ್ಜಿನಪ್ಪ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಹದಿನೈದು ದಿನದ ತಪಸ್ಸು ಹೀರೆಕಾಯಿಯ ಪಾಲಾಗಿತ್ತು. ಅದಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇತ್ತು. ಆ ತಾಲೀಮನ್ನೇ ನಂಬಿ ಇವತ್ತು ಮಧ್ಯಾಹ್ನ ಬಳ್ಳಾರಿ ಬಸ್ ನಿಲ್ದಾಣದ ಹತ್ತಿರ ನಾಲ್ಕು ಮಿರ್ಚಿ ತಿಂದಿದ್ದ. ಅವಕ್ಕೆ ತೊಟ್ಟು ಹುಟ್ಟಿನಿಂದಲೇ ಬಂದಿತ್ತು.

"ಹೋಗ್ಲಿ, ಮೊಸರನ್ನದಾಗ ನಾಕು ದಾಳಿಂಬ್ರಿ ಕಾಳು ಹಾಕ್ಲಾ?"

ಉತ್ತರ ಬಂದದ್ದು ಹೊಟ್ಟೆಯಿಂದ. ಕಾಲುವೆಗೆ ಮೊದಲ ನೀರು ಬಿಟ್ಟಂತೆ, ಗುಡುಗುಡು.

ಶಾಂಭವಿಯ ಕೈ ನಿಂತಿತು. "ರೀ, ಬಳ್ಳಾರ್ಯಾಗ ಏನಾರ ತಿಂದ್ರೇನು? ಖರೇ ಹೇಳ್ರಿ. ನಾಳಿ ಒಂದು ಡಬ್ಬಿ ಸಾಕೋ, ಎರಡು ಕಟ್ಲೋ?"

"ಅದೇನಾತಂದ್ರ..." ಎಂದವನು ಮಾತನ್ನು ಅಲ್ಲಿಗೇ ಬಿಟ್ಟು ಎದ್ದು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಎಡಬಲ ನೋಡದೆ ಹಿತ್ತಲ ಕಡೆ ಬಿರಬಿರನೆ ನಡೆದ.