ಕೊಟ್ಟರೆ ಒಲ್ಲೆನ್ನುವ ಕಾಕಾ

ಸೊಲ್ಲಾಪುರದಂಥ ಪೇಟೆಯ ಊರಿನಲ್ಲಿ ರೊಕ್ಕ ಕೊಡಲು ಬಂದವರನ್ನು ಬೈದು ಕಳಿಸುತ್ತಿದ್ದ ಮನುಷ್ಯ ಒಬ್ಬನೇ ಒಬ್ಬನಿದ್ದ. ಅವನು ನಮ್ಮ ಕಾಕಾ. ವಸೂಲಿಗೆ ಬಂದವರನ್ನು ಬೈಯುವವರು ಓಣಿ ಓಣಿಗೂ ಸಿಗುತ್ತಾರೆ, ಅದರಲ್ಲಿ ವಿಶೇಷವೇನಿದೆ? ಆದರೆ ತಾನೇ ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲು ಹೊರಟು, ಎದುರಿನವನು ಕಿಸೆಗೆ ಕೈ ಹಾಕಿದ ಕೂಡಲೇ "ಮೊದ್ಲ ಕೈ ಹೊರಗ ತಗೀರಿ!" ಎಂದು ಗದರುವವನನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಕಾಕಾ ನಮ್ಮಪ್ಪನ ತಮ್ಮ. ಮನೆಯಲ್ಲಿ ಇಂಗಿನ ವ್ಯಾಪಾರ. ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ, ಗಾದಿಯ ಮೇಲೆ ಕೂತು ಇಡೀ ಜಿಲ್ಲೆಗೆ ಇಂಗು ತೂಗುತ್ತಿದ್ದರೆ, ಕಾಕಾ ಶಾಲೆಯಲ್ಲಿ ಮಾಸ್ತರನಾಗಿ, ಸಂಜೆ ಖಾಕಿ ಚಡ್ಡಿ ತೊಟ್ಟು ನನ್ನಂಥ ಹುಡುಗರಿಗೆ ಸ್ಕೌಟ್ ಕಲಿಸುತ್ತಿದ್ದ. ಮೂವತ್ತರ ದಶಕದ ಮಾತು. ಮೂವತ್ತು ದಾಟಿದ ಮನುಷ್ಯ, ಅದೂ ಸಾಹುಕಾರರ ಮನೆಯವನು, ಮೊಣಕಾಲು ಕಾಣುವ ಚಡ್ಡಿ ತೊಟ್ಟು ಕೊರಳಿಗೆ ಬಣ್ಣದ ರುಮಾಲು ಕಟ್ಟಿ ಪೇಟೆಯಲ್ಲಿ ನಡೆದರೆ ಜನ ನಗುವುದಿಲ್ಲವೇ? ನಗುತ್ತಿದ್ದರು. ಕಾಕಾ ಮಾತ್ರ ನಗುತ್ತಿರಲಿಲ್ಲ. ಅವನ ಮುಖ ಸದಾ ಪೂಜೆಗೆ ಕೂತವನ ಮುಖ.

ಆ ಗಾಂಭೀರ್ಯದಲ್ಲೇ ಅವನು ತನ್ನ ಮದುವೆಯನ್ನೂ ಕೆಡಿಸಿಕೊಂಡ. ಅಕ್ಕಲಕೋಟೆಯ ಒಳ್ಳೆಯ ಮನೆತನದ ಹೆಣ್ಣು. ಮುತ್ಯಾ ಬೇಡಿಕೊಂಡದ್ದಕ್ಕೆ ಹೆಣ್ಣು ನೋಡಲು ಹೋದ ದಿನ ಧೋತರ ಉಟ್ಟುಕೊಂಡು ಬಂದಿದ್ದ, ಅಷ್ಟರಮಟ್ಟಿಗೆ ಸರಿ. ಆದರೆ ಹೆಣ್ಣಿನ ತಂದೆ ಬಾಗಿಲಿಗೆ ಬಂದು ಕೈ ಮುಗಿದರೆ, ಇವನು ನೆಟ್ಟಗೆ ನಿಂತು ಎಡಗೈ ಮುಂದೆ ಮಾಡಿದ! ಸ್ಕೌಟ್‌ಗಳು ಎಡಗೈ ಕುಲುಕುವುದು, ಅದು ಹೃದಯದ ಕಡೆಯ ಕೈ ಎಂದು ವಿವರಿಸತೊಡಗುವ ಹೊತ್ತಿಗೆ ಆ ಹಿರಿಯರು ಒಳಗೆ ಹೋಗಿ ಚಹಾದ ತಟ್ಟೆಯನ್ನು ವಾಪಸು ಕಳಿಸಿದ್ದರು. ಮನೆ ಹೊಕ್ಕ ಮೇಲೆ ಮುತ್ಯಾನದು ಒಂದೇ ಮಾತು: "ಇವಗ ಹೆಣ್ಣು ಕೊಡೂದಲ್ಲ, ದೇವರು ಒಂದೀಟು ಬುದ್ಧಿ ಕೊಡ್ಲಿ."

ಈಗ ಆ ಒಳ್ಳೆಯ ಕೆಲಸದ ಸಂಗತಿ. ಒಂದು ಬೇಸಿಗೆಯ ಮೊದಲಲ್ಲಿ ನಮ್ಮ ಪಡೆ ಅಕ್ಕಲಕೋಟೆಯಿಂದ ಮೈಂದರ್ಗಿಗೆ ಕಾಲ್ನಡಿಗೆಯಲ್ಲಿ ಹೊರಟಿತ್ತು. ಬಟಾಬಯಲು, ನೆರಳಿಗೆ ಒಂದು ಜಾಲಿ. ಸಂತೆಯ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನಮ್ಮ ಕಣ್ಣೆದುರೇ ಕುಸಿದಳು. ಪ್ರಥಮ ಚಿಕಿತ್ಸೆಯಲ್ಲಿ ನಾವೆಲ್ಲ ಪಾಸಾದವರು, ಆದರೆ ಒಬ್ಬನ ಬಾಟಲಿಯಲ್ಲೂ ನೀರಿರಲಿಲ್ಲ. ಕಾಕಾ ದೂರದ ತೋಟದ ಬಾವಿಗೆ ಓಡಿದ. ಅವಳು ಬದುಕಿಕೊಂಡಳು. ಕಾಕಾ ಮಾತ್ರ ಆ ದಿನ ಊಟ ಮಾಡಲಿಲ್ಲ. "ಈ ದಾರ್ಯಾಗ ಒಂದು ಅರವಟಿಗಿ ಆಗ್ಬೇಕು" ಎಂದ. ಹಂದರ, ದೊಡ್ಡ ಮಣ್ಣಿನ ಹರವಿಗಳು, ಬೇಸಿಗೆ ಮುಗಿಯುವವರೆಗೆ ನೀರು ಹೊತ್ತು ತುಂಬುವವನ ಪಗಾರ, ಇಷ್ಟಕ್ಕೆ ಹಣ ಬೇಕು.

ಆಗ ಬಂತು ನೋಡಿ ನೇಮ! ಸ್ಕೌಟ್ ಆದವನು ಬೇಡಬಾರದು. ಸಮವಸ್ತ್ರ ತೊಟ್ಟು ಬರಿಗೈ ಚಾಚಿದರೆ ಅದು ಭಿಕ್ಷೆ. ದುಡಿದು ತರಬೇಕು. ಅಪ್ಪನ ಕಿಸೆಯಿಂದ ತಂದರೆ ಅದು ಅಪ್ಪನ ಪುಣ್ಯ, ನಿನ್ನ ಸೇವೆಯಲ್ಲ. ಈ ನೇಮ ಎಲ್ಲ ಪಡೆಗಳಿಗೂ ಇತ್ತು, ಉಳಿದ ಮಾಸ್ತರರು ಅದನ್ನು ಓದಿ ಗೌರವದಿಂದ ಮಡಿಸಿ ಇಟ್ಟಿದ್ದರು. ಕಾಕಾ ಅದನ್ನು ಲಿಂಗದಂತೆ ಕೊರಳಿಗೆ ಕಟ್ಟಿಕೊಂಡ.

ಮುತ್ಯಾನಿಗೆ ಈ ನೇಮ ಅರ್ಥವಾಗಲೇ ಇಲ್ಲ. "ಹುಚ್ಚಪ್ಪಾ, ನಾ ಒಬ್ಬಾವನ ಎಲ್ಲಾ ಕೊಡ್ತೀನಿ. ನಾಳಿಗೆ ಹರವಿ ಇಡಸು" ಎಂದ. ಕಾಕಾ ಒಲ್ಲೆನೆಂದ. ಮುತ್ಯಾ ವ್ಯಾಪಾರಸ್ಥ, ಸುಮ್ಮನೆ ಬಿಟ್ಟಾನೆಯೇ? ಎದುರು ಅಂಗಡಿಯ ಬಟ್ಟೆ ವ್ಯಾಪಾರಿಯ ಕೈಯಲ್ಲಿ ಗುಟ್ಟಾಗಿ ನೋಟು ಕೊಟ್ಟು, ಹುಡುಗರಿಂದ ಏನಾದರೂ ಕೆಲಸ ಮಾಡಿಸಿ ಇದನ್ನು ಕೊಡು ಎಂದು ಹೇಳಿದ. ನಾವು ಅಲ್ಲಿ ಇಡೀ ದಿನ ಚಾದರಗಳ ಗಂಟು ಕಟ್ಟಿದೆವು. ಸಂಜೆ ಆತ ನೋಟು ಕೊಟ್ಟ. ಕಾಕಾ ಅದನ್ನು ಮೂಗಿಗೆ ಹಿಡಿದ.

"ಸಾವಕಾರ್ರ, ನೀವು ಚಾದರ ಮಾರ್ತೀರಿ. ನಿಮ್ಮ ನೋಟು ಇಂಗು ಯಾಕ ನಾರತೈತ್ರಿ?"

ಮುಗಿಯಿತು! ನೋಟು ವಾಪಸು ಹೋಯಿತು. ಗಂಟು ಕಟ್ಟಿದ ನಮ್ಮ ಬೆನ್ನುಗಳು ಮಾತ್ರ ನೋಯುತ್ತಲೇ ಉಳಿದವು.

ಹೀಗೆ ನಾವು ಮನೆ ಮನೆಗೆ ಹೋಗಿ "ಕೆಲಸ ಕೊಡ್ರಿ" ಎಂದು ಕೇಳತೊಡಗಿದೆವು. ಜೋಳ ಒಣಹಾಕಿದೆವು, ಹಿತ್ತಾಳೆಯ ಸಮೆ ದೀಪ ತಿಕ್ಕಿದೆವು, ಹಗ್ಗ ಹರಿದುಕೊಂಡ ಎಮ್ಮೆಯನ್ನು ಊರೆಲ್ಲ ಅಟ್ಟಿ ತಂದೆವು. ಒಬ್ಬ ಅತ್ತೆ ಮಾತ್ರ ನಮ್ಮನ್ನು ಪಡಸಾಲೆಗೆ ಕರೆದು ಮೆಲ್ಲಗೆ ಹೇಳಿದಳು: "ಮಾಸ್ತರ, ಎಷ್ಟರೆ ಕೊಡ್ತೀನಿ, ನಮ್ಮ ಸೊಸಿಗೆ ನಾಕು ಬುದ್ಧಿಮಾತು ಹೇಳಿ ಹೋಗ್ರಿ." ಕಾಕಾ ಒಳಗೆ ಇಣುಕಿದ. ಸೊಸೆ ಒನಕೆ ಹಿಡಿದು ನಿಂತಿದ್ದಳು. "ಬಾಯಾರ, ಸ್ಕೌಟ್ ಅಂದ್ರ ಸೇವಾ ಮಾಡಾಂವ, ಲಡಾಯಿಗೆ ಹೋಗಾಂವ ಅಲ್ರಿ" ಎಂದು ನಮ್ಮನ್ನು ಹೊರಗೆ ನಡೆಸಿಕೊಂಡು ಬಂದ.

ಅರವಟಿಗೆ ಆಗಬೇಕಾದದ್ದು ಮೈಂದರ್ಗಿಯ ದಾರಿಯಲ್ಲಿ, ಆದ್ದರಿಂದ ಆ ಊರಿನವರಿಗೂ ದುಡಿಯಬೇಕೆಂದು ನಾವು ಒಂದು ಸಂತೆಯ ದಿನ ಮೈಂದರ್ಗಿಗೆ ಹೋದೆವು. ಅಷ್ಟು ಹೊತ್ತಿಗೆ ಬೇಕಾದ ಹಣ ಬಹುಮಟ್ಟಿಗೆ ಕೂಡಿತ್ತು. ಹಂದರ ಆ ಬೇಸಿಗೆಗೇ ಎದ್ದಿತು, ಹರವಿಗಳೂ ಬಂದವು. ಆದರೆ ನನಗೆ ನೆನಪಿರುವುದು ಹರವಿಗಳಲ್ಲ, ಆ ಸಂತೆಯ ಮಧ್ಯಾಹ್ನ.

ನಾವು ಗುಡಿಯ ಮುಂದೆ ಸಾಲಾಗಿ ನಿಂತಿದ್ದೆವು. ಕಾಕಾ ನಾವು ಬಂದ ಕಾರಣ ಹೇಳಿ ಮುಗಿಸಿದ್ದ. ಗುಡಿಯ ಕಟ್ಟೆಯ ಮೇಲಿಂದ ಒಬ್ಬ ಮುದುಕಿ ಇಳಿದು ಬಂದಳು. ಸೀರೆಯ ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಬೆರಳುಗಳು ಒಂದರ ಮೇಲೊಂದು ಹೊರಳಿ, ಒಣಗಿದ ಬೇರಿನಂತೆ ಆಗಿದ್ದವು. ಒಂದು ದುಡ್ಡಿನ ಬಿಲ್ಲೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕಾಕಾನ ಮುಂದೆ ಮಾಡಿದಳು.

"ತೊಗೋ. ಆ ದಾರ್ಯಾಗ ನಾನೂ ಭಾಳ ನಡದೀನಿ. ನೀರಡಿಕಿ ಅಂದ್ರ ಏನಂತ ನನಗ ಗೊತ್ತೈತಿ."

"ಅವ್ವಾರ, ಏನರೆ ಕೆಲಸ ಹೇಳ್ರಿ. ಮಾಡಿ ತೊಗೋತೀವಿ."

"ಕೆಲಸಾ? ಈ ಕಟ್ಟಿ ಮ್ಯಾಲ ಮಲಗತೀನಿ. ಯಾರರೆ ಕರದು ರೊಟ್ಟಿ ಕೊಡ್ತಾರ. ಮನಿ ಇದ್ರ ಅಲ್ಲೇನಪ ಕೆಲಸ?"

"ಹಂಗಾದ್ರ ತೊಗೊಳ್ಳಾಕ ಬರೂದಿಲ್ರಿ. ನೇಮ ಐತ್ರಿ."

ಮುದುಕಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಕಾಕಾನ ಮುಖವನ್ನೇ ನೋಡಿದಳು. "ಮನಿ ಇದ್ದವರದು ತೊಗೋತಿ. ನಂದು ಒಲ್ಲೆ ಅಂತಿ. ನನ್ನ ರೊಕ್ಕಕ್ಕ ಮೈಲಿಗಿ ಬಡದೈತೇನು?"

ಸಂತೆಯ ಮಂದಿ ಸುತ್ತಲೂ ನೆರೆದರು. ತೊಗೊಳ್ರಿ ಮಾಸ್ತರ, ಮುದುಕಿ ಮನಸ್ಸು ಯಾಕ ನೋಯಸ್ತೀರಿ ಎಂದು ಒಬ್ಬರು. ನೇಮ ಇಲ್ಲಿ ಯಾರು ನೋಡ್ತಾರ ಎಂದು ಇನ್ನೊಬ್ಬರು. ನಾವೂ ಹಾಗೇ ಅಂದುಕೊಂಡೆವು. ಕಾಕಾನ ಮುಖ ಕೆಂಪಾಗಿತ್ತು. ಆಮೇಲೆ ಅವನು ಟೋಪಿ ತೆಗೆದು, ಆ ಧೂಳಿನಲ್ಲೇ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ನಾ ಕೇಳಿದ್ದ ತಪ್ಪಾತು, ಅವ್ವಾ. ಕೆಲಸ ಬ್ಯಾಡ. ನಿಮಗ ಏನು ಮಾಡ್ಕೊಳ್ಳಾಕ ಆಗವಲ್ದು, ಅದನ್ನ ಹೇಳ್ರಿ."

ಮುದುಕಿ, ಗಂಡಸರ ಮುಂದೆ ಹೇಳಬಾರದ್ದನ್ನು ಹೇಳುವವಳ ಹಾಗೆ ದನಿ ತಗ್ಗಿಸಿ, "ತಲಿ ಬಾಚ್ಕೊಳ್ಳಾಕ ಆಗವಲ್ದಪ" ಎಂದಳು.

ಕಾಕಾ ಎದ್ದ. ಬಳೆಗಾರನ ಹತ್ತಿರ ಒಂದು ಹಣಿಗೆ ಕೇಳಿದ. ಆತ ಹಾಗೇ ಕೊಡಲು ಬಂದರೆ, ಆ ಹೊತ್ತಿನಲ್ಲೂ ಬಿಡಲಿಲ್ಲ ಪುಣ್ಯಾತ್ಮ! ನಮ್ಮಲ್ಲಿಬ್ಬರನ್ನು ಅವನ ಬಳೆಯ ಪೆಟ್ಟಿಗೆಗಳ ಧೂಳು ಒರೆಸಲು ಹಚ್ಚಿದ. ಗಾಣದವನ ಒಂದು ಸೌಟು ಎಣ್ಣೆಗೆ ಮತ್ತಿಬ್ಬರು ಹಿಂಡಿ ಹೊತ್ತರು. ಇಷ್ಟಾದ ಮೇಲೆ ಮುದುಕಿಯನ್ನು ಗುಡಿಯ ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ, ತಾನು ಅವಳ ಹಿಂದೆ ಮೇಲಿನ ಮೆಟ್ಟಿಲ ಮೇಲೆ ಕೂತ.

ಇಡೀ ಸಂತೆ ನೋಡುತ್ತಿತ್ತು. ಸೊಲ್ಲಾಪುರದ ಸಾಹುಕಾರರ ಮಗ, ಸಾಲೆಯ ಮಾಸ್ತರ, ಖಾಕಿ ಚಡ್ಡಿಯಲ್ಲಿ ಕೂತು ಮುದುಕಿಯ ತಲೆ ಬಾಚುತ್ತಿದ್ದಾನೆ! ಅವನ ಮದುವೆ ತಪ್ಪಿದ ಕಥೆ ಬಲ್ಲ ಯಾರೋ ಮರಾಠಿಯಲ್ಲಿ ಕೂಗಿದರು, "ಮಾಸ್ತರ, ಲಗ್ನ ನಾಹೀ ಝಾಲಂ, ಪಣ ವೇಣಿ ಘಾಲಾಯಲಾ ಶಿಕಲಾ!" ಮದುವೆಯಾಗದಿದ್ದರೂ ಜಡೆ ಹೆಣೆಯಲು ಕಲಿತೆಯಲ್ಲ ಎಂದು. ಗೊಳ್ಳೆಂದರು ಎಲ್ಲರೂ.

ಕಲಿತಿದ್ದನೇ? ಎಲ್ಲಿಂದ! ಅವನು ಹಣಿಗೆಯನ್ನು ನೆತ್ತಿಗೇ ಹಾಕಿ ಜಗ್ಗಿದ. ಮುದುಕಿ ಚೀರಿದಳು. "ಎಮ್ಮಿ ಮೈ ತಿಕ್ಕತಿಯೇನೋ? ತುದಿಯಿಂದ ಬಿಡಸು. ಸಾವಕಾಶ."

"ಹೂಂನ್ರೀ ಅವ್ವಾ" ಎಂದ ಕಾಕಾ. ಅವನ ಬಾಯಿಂದ ಅಂಥ ಮೆತ್ತಗಿನ ಹೂಂ ನಾವು ಕೇಳಿರಲಿಲ್ಲ.

ಕೂದಲು ಜಡೆಗಟ್ಟಿ ಒಂದೇ ಗಡ್ಡೆಯಾಗಿತ್ತು. ಎಣ್ಣೆ ಹಚ್ಚಿ, ತುದಿ ಹಿಡಿದು, ಎಳೆ ಎಳೆಯಾಗಿ ಬಿಡಿಸಿದ. ಹೇನು ಸಿಕ್ಕರೆ ಕಲ್ಲಿನ ಮೇಲಿಟ್ಟು ಉಗುರಿನಿಂದ ಒತ್ತಿದ. ನಗುತ್ತಿದ್ದವರಿಗೆ ನಗಲು ಏನೂ ಉಳಿಯದೆ ಒಬ್ಬೊಬ್ಬರೇ ಚದುರಿದರು. ತರಕಾರಿ ಮಾರುವ ಹೆಂಗಸೊಬ್ಬಳು ಹತ್ತಿರ ಬಂದು, ತುರುಬು ಸುತ್ತುವುದು ಹೇಗೆಂದು ಕೈಯಿಂದಲೇ ತೋರಿಸಿ ಹೋದಳು. ಕಾಕಾ ಸುತ್ತಿದ. ಅದು ಸೊಟ್ಟಗಿತ್ತು. ಬಿಚ್ಚಿ ಮತ್ತೆ ಸುತ್ತಿದ.

ಅಷ್ಟರಲ್ಲಿ ಮುದುಕಿಯ ತಲೆ ಹಿಂದಕ್ಕೆ ವಾಲಿ ಅವನ ಮೊಣಕಾಲಿಗೆ ಒರಗಿತು. ಏನಾಯಿತೋ ಎಂದು ನಾವು ಗಾಬರಿಯಾಗಿ ಮುಂದೆ ಬಂದೆವು. ಕಾಕಾ ತುಟಿಯ ಮೇಲೆ ಬೆರಳಿಟ್ಟ. ಅವಳಿಗೆ ನಿದ್ದೆ ಬಂದಿತ್ತು. ಬಾಯಿ ಸ್ವಲ್ಪ ತೆರೆದು, ತವರಿನಲ್ಲಿ ಮಲಗಿದ ಹುಡುಗಿಯ ಹಾಗೆ ನಿದ್ದೆ ಹೋಗಿದ್ದಳು. ಬಿಲ್ಲೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

ಸಂತೆ ಕರಗಿತು. ಗಾಡಿಗಳು ಹೊರಟವು. ಅಕ್ಕಲಕೋಟೆಯ ಕಡೆಗಿನ ಮೋಟಾರು ನಮಗಾಗಿ ಸ್ವಲ್ಪ ಹೊತ್ತು ಕಾದು, ಭೋಂಪು ಊದಿ, ಕೊನೆಗೆ ಹೋಗಿಯೇ ಬಿಟ್ಟಿತು. ಬಿಸಿಲು ಗುಡಿಯ ಕಂಬದ ಮಗ್ಗುಲಿನಿಂದ ಜಾರಿ ಅವಳ ಮುಖಕ್ಕೆ ಬಂದಾಗ ಕಾಕಾ ಅಂಗೈ ಅಡ್ಡ ಹಿಡಿದ. ಕಾಲು ಜೋಮು ಹಿಡಿದಿರಬೇಕು, ಮುಖದಲ್ಲಿ ಕಾಣುತ್ತಿತ್ತು. ಆದರೂ ಅಲುಗಲಿಲ್ಲ.

"ಕಾಕಾ, ಏಳಸಲೇನು?" ಎಂದು ನಾನು ಪಿಸುಗುಟ್ಟಿದೆ.

"ಬ್ಯಾಡೋ" ಎಂದ. "ಭಾಳ ದಿನದ ನಿದ್ದಿ ಅದು. ಆಗಲಿ."